ನಲವತ್ತು ಪುಟದ ವಿಡಿಯೋ ಗೇಮ್

ಹೋದ ತಿಂಗಳ ಒಂದು ಭಾನುವಾರ ನಮ್ಮಪ್ಪ ನನ್ನ ಫೈಲನ್ನು ನೀರೊಲೆಗೆ ಹಾಕಿದರು.

ಇಡೀ ಫೈಲು. ನಲವತ್ತು ಪುಟದ ಪ್ರಿಂಟ್‌ಔಟ್, ಹಳದಿ ಹೈಲೈಟರ್ ಗುರುತು, ಪಕ್ಕದಲ್ಲಿ ನನ್ನದೇ ಷರಾ. ಮೂರು ವಾರದ ದುಡಿಮೆ, ಸ್ನಾನದ ನೀರು ಕಾಯುವಷ್ಟರಲ್ಲಿ ಬೂದಿ. ಅದರಲ್ಲಿ ಏನಿತ್ತು ಅಂತೀರಾ? ಜಮೀನಿನ ಪತ್ರವಲ್ಲ, ಕೋರ್ಟಿನ ಕಾಗದವೂ ಅಲ್ಲ. ಒಂದು ವಿಡಿಯೋ ಗೇಮ್ ಕೊಳ್ಳುವ ಮುಂಚೆ ನಾನು ಮಾಡಿದ ವಿಚಾರಣೆ.

ನಗಬೇಡಿ. (ನಕ್ಕಿರಿ, ಗೊತ್ತು. ನಮ್ಮೆಜಮಾನರೂ ನಕ್ಕರು.)

ಮೊದಲಿಂದ ಹೇಳುತ್ತೇನೆ. ನಮ್ಮಪ್ಪ ರಾಮನಗರದಲ್ಲಿ ನಲವತ್ತು ವರ್ಷ ರೇಷ್ಮೆ ರೀಲಿಂಗ್ ಮಾಡಿದವರು. ಬೆಳಿಗ್ಗೆ ಮಾರ್ಕೆಟ್ಟಿಗೆ ಹೋಗಿ ಗೂಡು ಹರಾಜು ಕೂಗಿ ತರುವುದು, ಮನೆ ಹಿಂದಿನ ಶೆಡ್ಡಿನಲ್ಲಿ ಬೇಯಿಸಿ ನೂಲು ತೆಗೆಯುವುದು. ಯುಗಾದಿ ಕಳೆದು ಎಂಟು ದಿನಕ್ಕೆ ಲಕ್ವ ಹೊಡೆಯಿತು. ಕಾಲು ಸರಿಹೋಯಿತು. ಮಾತೂ ಸರಿಹೋಯಿತು (ಬೈಗುಳ ಮೊದಲು ಬಂತು). ಬಲಗೈಯಲ್ಲಿ ತೋರುಬೆರಳು ಕೊಂಚ ಆಡುತ್ತಿತ್ತು, ಮಿಕ್ಕ ಬೆರಳುಗಳು ಮಾತ್ರ ಮಡಿಚಿದ್ದು ಮಡಿಚಿದ ಹಾಗೇ ಉಳಿದವು.

ಡಾಕ್ಟರು ಒಂದು ರಬ್ಬರ್ ಚೆಂಡು ಕೊಟ್ಟು, ದಿನಾ ಹಿಸುಕಿ ಎಂದರು. "ನಾನೇನ್ ತೊಟ್ಲು ಮಗೂನಾ?" ಎಂದು ಅಪ್ಪ ಅದನ್ನು ಬೀದಿಗೆಸೆದರು. ಬೀದಿನಾಯಿ ಕಚ್ಚಿಕೊಂಡು ಹೋಯಿತು. ಇನ್ನೊಂದು ತಂದೆ. ಅದೇ ನಾಯಿಗೆ ಅದೂ ಸಿಕ್ಕಿತು.

ಹೀಗಿರುವಾಗ ಮಾಗಡಿಯ ಚಿಕ್ಕಮ್ಮನ ಮನೆಗೆ ಹೋಗಿದ್ದೆವು. ಚಿಕ್ಕಮ್ಮನ ಸೊಸೆ ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟ ಆಡುತ್ತಿದ್ದಳು. ಅಪ್ಪ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡರು. "ಒಸಿ ಬುಡವ್ವ, ನೋಡಾನ" ಎಂದು ಬಲಗೈಯನ್ನೇ ಎತ್ತಿ ಬಾಣದ ಗುರುತಿನ ಕೀ ಮೇಲಿಟ್ಟರು. ಅರ್ಧ ಗಂಟೆ ಒತ್ತುತ್ತಲೇ ಇದ್ದರು. ಚೆಂಡನ್ನು ಒಂದು ಸಲವೂ ಹಿಸುಕದ ಕೈ! ತಟ್ಟೆಯಲ್ಲಿದ್ದ ಚಕ್ಕುಲಿ ಯಾರಿಗೂ ಬೇಕಾಗಲಿಲ್ಲ, ಎಲ್ಲರೂ ಆ ಕೈಯನ್ನೇ ನೋಡುತ್ತಿದ್ದೆವು.

ಡಾಕ್ಟರಿಗೆ ಹೇಳಿದೆ. "ಒಳ್ಳೇದಾಯ್ತು, ಅದನ್ನೇ ಆಡಿಸಿ. ಆದರೆ ಬೇಗ. ಬೆರಳು ಹೀಗೇ ಗಟ್ಟಿಯಾಗಿಬಿಟ್ಟರೆ ಆಮೇಲೆ ಬಿಡಿಸೋದು ಕಷ್ಟ" ಎಂದರು. ಅಪ್ಪನದು ಒಂದೇ ಬೇಡಿಕೆ. "ಕಾರು ಬ್ಯಾಡ ಕಣಮ್ಮಿ. ಲಾರೀದು ಇದ್ರೆ ತಗೊಂಬಾ."

ಅಂದೇ ಸಂಜೆ ಚನ್ನಪಟ್ಟಣದ ಒಂದು ಸಿಡಿ ಅಂಗಡಿಗೆ ನುಗ್ಗಿದೆ. ಡಬ್ಬಿಯ ಮೇಲೆ ಲಾರಿ ಚಿತ್ರ ಕಂಡಿತು, ತಗೊಂಡೆ. ಮನೆಯಲ್ಲಿದ್ದದ್ದು ನಮ್ಮ ಫ್ಯಾಕ್ಟರಿಯವರು ಹಳೆಯದೆಂದು ತೆಗೆದುಹಾಕಿದ ಕಂಪ್ಯೂಟರ್. (ಈ ಅಂಕಣವನ್ನೂ ಅದರಲ್ಲೇ ಕುಟ್ಟುವುದು.) ಸಿಡಿ ಹಾಕಿದೆ. ಅಪ್ಪ ಕನ್ನಡಕ ಒರೆಸಿಕೊಂಡು ಬಂದು ಕೂತರು, ಕೀ ಮೇಲೆ ಬೆರಳಿಟ್ಟು ಕಾದರು. ಸ್ಕ್ರೀನು ಕಪ್ಪಾಯಿತು. ಕಪ್ಪಾಗಿಯೇ ಇತ್ತು. ಈ ಆಟಕ್ಕೆ ಬೇರೆ ಗ್ರಾಫಿಕ್ಸ್ ಕಾರ್ಡ್ ಬೇಕು ಎಂದು ಡಬ್ಬಿಯ ಹಿಂದೆ ಬರೆದಿತ್ತಂತೆ. ನಾನು ಡಬ್ಬಿ ತಿರುಗಿಸಿಯೇ ಇರಲಿಲ್ಲ.

ಕಾದು ಕಾದು ಅಪ್ಪ ಎಡಗೈಯಿಂದ ಬಲಗೈಯನ್ನು ಎತ್ತಿಕೊಂಡು ತೊಡೆಯ ಮೇಲಿಟ್ಟುಕೊಂಡರು. "ಓಗ್ಲಿ ಬುಡು" ಎಂದರು. ಬೈದಿದ್ದರೆ ಚೆನ್ನಾಗಿತ್ತು. ನಾನು ಬಚ್ಚಲಿಗೆ ಹೋಗಿ ಅತ್ತೆ.

ಎತ್ತು ಕೊಳ್ಳುವಾಗ ಬಾಯಿ ಬಿಡಿಸಿ ಹಲ್ಲು ನೋಡುವ ಜನ ನಾವು. ಡಬ್ಬಿಯ ಹಿಂದಿನ ಎರಡು ಸಾಲು ಓದಲು ನನಗೇನು ರೋಗವಾಗಿತ್ತು? ಅವತ್ತು ಶಪಥ ಮಾಡಿದೆ, ಇನ್ನು ಪೂರ್ತಿ ವಿಚಾರಿಸದೆ ಒಂದು ಸಿಡಿಯನ್ನೂ ಮುಟ್ಟುವುದಿಲ್ಲ ಎಂದು.

ಪೂರ್ತಿ ಅಂದರೆ ಪೂರ್ತಿ. ಫ್ಯಾಕ್ಟರಿ ಬಸ್ಸು ಇಳಿದವಳೇ ಬಸ್ ಸ್ಟ್ಯಾಂಡ್ ಪಕ್ಕದ ಸೈಬರ್ ಸೆಂಟರಿಗೆ ಹೋಗುತ್ತಿದ್ದೆ. ಲಾರಿ ಆಟಗಳು ಎಷ್ಟಿವೆ ಗೊತ್ತಾ? ಒಬ್ಬ ಹೊಗಳಿದ್ದನ್ನು ಇನ್ನೊಬ್ಬ ಉಗಿದಿರುತ್ತಾನೆ. ಯಾವ ದೇಶದವನೋ ಒಬ್ಬ, ಈ ಆಟದಲ್ಲಿ ಮಳೆ ಮಳೆಯ ಹಾಗೆ ಕಾಣುವುದಿಲ್ಲ ಎಂದು ಎರಡು ಪುಟ ಗೋಳಾಡಿದ್ದ. ಅದನ್ನೂ ಪ್ರಿಂಟ್ ತೆಗೆಸಿದೆ! ಅದನ್ನೂ ಹೈಲೈಟ್ ಮಾಡಿದೆ! ನಮ್ಮಪ್ಪ ಮಳೆ ಕೇಳಿದ್ದರಾ?

ಸಂಜೆ ಮನೆಗೆ ಬಂದರೆ ಅಪ್ಪ ಜಗಲಿಯಿಂದಲೇ ಕೇಳುತ್ತಿದ್ದರು. "ಬಂತಾ?"

"ಇಲ್ಲಪ್ಪ. ಇನ್ನೊಂದು ವಾರ. ಈ ಸಲ ತಪ್ಪಾಗಬಾರದು."

ಮರುದಿನ ಮತ್ತೆ "ಬಂತಾ?" ಎರಡನೇ ವಾರವೂ "ಬಂತಾ?" ಮೂರನೇ ವಾರ ಕೇಳುವುದನ್ನೇ ಬಿಟ್ಟರು. ನಾನು ಅದನ್ನು ಗಮನಿಸಲೂ ಇಲ್ಲ. ಫೈಲು ದಪ್ಪವಾಗುತ್ತಿತ್ತಲ್ಲ, ಅದರ ಖುಷಿ ನನಗೆ.

ಆ ಭಾನುವಾರ ಕೊನೆಗೂ ಆಯ್ಕೆ ಮುಗಿಯಿತು. ನೀರೊಲೆ ಮುಂದೆ ಮೈ ಕಾಯಿಸಿಕೊಳ್ಳುತ್ತಿದ್ದ ಅಪ್ಪನ ಪಕ್ಕ ಮಣೆ ಹಾಕಿಕೊಂಡು ಕೂತು, ಗೆದ್ದವಳ ಹಾಗೆ ವಿವರಿಸಿದೆ. ಒಬ್ಬ ಡ್ರೈವರ್ ಇರುತ್ತಾನೆ, ಬೆಟ್ಟದ ದಾರಿಯಲ್ಲಿ ಲೋಡು ಸಾಗಿಸುತ್ತಾನೆ. ಐದನೇ ಟ್ರಿಪ್ಪಿನಲ್ಲಿ ಸೇತುವೆ ಮುರಿಯುತ್ತದೆ, ಆಗ ಎಡಕ್ಕೆ ಕಾಡಿನ ದಾರಿ ಹಿಡಿಯಬೇಕು. ಏಳನೆಯದರಲ್ಲಿ ಬ್ರೇಕ್ ಕೈಕೊಡುತ್ತದೆ. ಅಪ್ಪ ಕೇಳುತ್ತಲೇ ಇದ್ದರು.

"ಕೊನೇಗೆ ಏನಾಯ್ತದೆ?"

"ಎಲ್ಲರಿಗಿಂತ ಮೊದಲು ಇವನೇ ಮುಟ್ಟುತ್ತಾನೆ. ಹೊಸ ಲಾರಿ ಕೊಡ್ತಾರೆ."

"ಮುಗೀತಲ್ಲ. ಎಲ್ಲಾ ನೀನೇ ಆಡ್ಬುಟ್ಟೆ, ನಂಗೇನ್ ಉಳಿಸ್ದೆ?" ಎಂದವರೇ ನನ್ನ ತೊಡೆಯ ಮೇಲಿದ್ದ ಫೈಲನ್ನು ಎಡಗೈಯಲ್ಲಿ ಎಳೆದು ಒಲೆಗೆ ತಳ್ಳಿದರು.

ನನಗೆ ಸಿಟ್ಟು ನೆತ್ತಿಗೇರಿತು. "ಮೂರು ವಾರ ನಿದ್ದೆ ಊಟ ಬಿಟ್ಟಿದ್ದೀನಿ. ಯಾರಿಗೋಸ್ಕರ?" ಎಂದು ಕೂಗಾಡಿದೆ.

ಅಪ್ಪ ಕಡ್ಡಿಯಿಂದ ಕೆಂಡ ಕೆದಕುತ್ತಾ ಕೇಳಿದರು. "ಚಿಕ್ಕೋಳಿದ್ದಾಗ ನನ್ ಜೊತೆ ಮಾರ್ಕೆಟ್ಗೆ ಬತ್ತಿದ್ದಲ್ಲ. ಗೂಡು ತಗಳವಾಗ ನಾನೇನ್ ನೋಡ್ತಿದ್ದೆ?"

"ಒಂದು ಹಿಡಿ ತೆಗೀತಿದ್ರಿ. ಅದುಮಿ ನೋಡ್ತಿದ್ರಿ. ಕಿವಿ ಹತ್ರ ಅಲ್ಲಾಡಿಸ್ತಿದ್ರಿ. ಒಂದೆರಡು ಕುಯ್ದು ಹುಳ ನೋಡ್ತಿದ್ರಿ."

"ನೋಡ್ದೆನೇ ಕೂಗಿದ್ರೆ?"

"ಮನೆ ಮುಳುಗೋದು."

"ಎಲ್ಲಾನೂ ಕುಯ್ದೇ ನೋಡ್ತೀನಿ ಅಂದಿದ್ರೆ?"

ಕುಯ್ದ ಗೂಡಿನಲ್ಲಿ ನೂಲು ಬರುವುದಿಲ್ಲ. ರಾಮನಗರದಲ್ಲಿ ಇದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ.

"ನೋಡ್ತಾ ನೋಡ್ತಾ ಗೂಡ್ನ ಮನೇಲೇ ಇಟ್ಕಂಡಿದ್ರೂ ಅಷ್ಟೇಯ" ಎಂದರು. "ಚಿಟ್ಟೆ ತೂತು ಮಾಡ್ಕಂಡು ಹಾರೋಯ್ತದೆ. ಒಂದು ಹಿಡಿ ನೋಡು, ಆಮೇಲೆ ಕೂಗು. ಉಳಿದದ್ದು ನಂದು." ಮಡಿಚಿದ ಬಲಗೈಯನ್ನು ನನ್ನ ಮುಂದೆ ಹಿಡಿದು ಹೇಳಿದರು. "ಇದೂ ಗೂಡೇ ಕಣಮ್ಮಿ. ಕಾಯ್ತಾ ಕೂರಕಿಲ್ಲ."

ಇದನ್ನು ಹೇಳಿಸಿಕೊಂಡವಳು ಯಾರು? ಹಾರೋಹಳ್ಳಿಯ ಫ್ಯಾಕ್ಟರಿಯೊಂದರಲ್ಲಿ ಎಂಟು ವರ್ಷದಿಂದ ಚೆಕಿಂಗ್ ಸೆಕ್ಷನ್ನಿನಲ್ಲಿರುವ ನಾನು! ಒಂದು ಲಾಟಿಗೆ, ಅಂದರೆ ಒಂದು ಕಂತಿನ ಮಾಲಿಗೆ, ಐದು ಪೀಸು ತೆಗೆದು ಅಳೆಯುತ್ತೇನೆ, ಸೀಲು ಒತ್ತುತ್ತೇನೆ, ಲಾರಿ ಹತ್ತಿಸುತ್ತೇನೆ. ಎಲ್ಲ ಪೀಸನ್ನೂ ಅಳೆಯುತ್ತೇನೆ ಎಂದು ಕೂತರೆ ಸೂಪರ್‌ವೈಸರ್ ಮನೆಗೆ ಕಳಿಸುತ್ತಾನೆ. ಮನೆಗೆ ಬಂದ ಕೂಡಲೇ ಆ ಬುದ್ಧಿ ಎಲ್ಲಿ ಹೋಗುತ್ತದೆ?

ಭಯ, ಅಷ್ಟೇ. ಮೊದಲ ಸಲ ಎಡವಿದ್ದೆನಲ್ಲ, ಎರಡನೇ ಸಲ ಯಾರೂ ನನ್ನನ್ನು ಬೈಯಬಾರದು ಎಂಬ ಭಯ. ಆ ಫೈಲು ಅಪ್ಪನ ಕೈಗಾಗಿ ಅಲ್ಲ, ನನ್ನ ಮಾನಕ್ಕಾಗಿ ಇತ್ತು. ಬರೆಯಲು ನಾಚಿಕೆಯಾಗುತ್ತದೆ. ಆದರೂ ನಿಮ್ಮ ಹತ್ತಿರ ಮುಚ್ಚಿಟ್ಟು ಏನು ಮಾಡಲಿ?

ಅವತ್ತೇ ನಿರ್ಧಾರ ಮಾಡಿದೆ. ನಾಳೆ ಸಂಜೆಯೊಳಗೆ ಮನೆಯಲ್ಲಿ ಆಟ ಇರಬೇಕು. ನೋಡುವುದು ಒಂದೇ ಹಿಡಿ. ನಮ್ಮ ಹಳೇ ಡಬ್ಬಾ ಕಂಪ್ಯೂಟರಿನಲ್ಲಿ ಓಡುತ್ತದಾ? ಅಪ್ಪನ ಆ ಕೈಯೊಂದರಲ್ಲೇ ಆಡಲು ಆಗುತ್ತದಾ? ಮಿಕ್ಕಿದ್ದು, ಮಳೆ ಹೇಗೆ ಕಾಣುತ್ತದೆ, ಎಷ್ಟು ಸ್ಟಾರ್ ಕೊಟ್ಟಿದ್ದಾರೆ, ಯಾವ ಟ್ರಿಪ್ಪಿನಲ್ಲಿ ಸೇತುವೆ ಮುರಿಯುತ್ತದೆ, ಇದ್ಯಾವುದೂ ನನಗೆ ಬೇಡ.

ಸೋಮವಾರ ಶಿಫ್ಟ್ ಮುಗಿಸಿ ರಾಮನಗರದಲ್ಲೇ ಒಂದು ಅಂಗಡಿಗೆ ಹೋದೆ. ಬಿಡದಿ ಕಡೆಯ ಜಮೀನು ಫ್ಯಾಕ್ಟರಿಗೆ ಕೊಟ್ಟು ಕಂಪ್ಯೂಟರ್ ಅಂಗಡಿ ಇಟ್ಟವರೊಬ್ಬರು ಅದರ ಮಾಲೀಕರು. ನನ್ನ ಫೈಲಿನಲ್ಲಿಲ್ಲದ ಆಟ ಕೇಳಿದೆ, ಬೇರೆಯದೊಂದು ಲಾರಿ ಆಟ ತೆಗೆದರು. ಡಬ್ಬಿ ತಿರುಗಿಸಿ ಎರಡು ಸಾಲು ಓದಿದೆ. ಗ್ರಾಫಿಕ್ಸ್ ಕಾರ್ಡ್ ಬೇಡ, ಸರಿ. "ಒಂದು ಸಲ ಹಾಕಿ ತೋರಿಸಿ" ಎಂದೆ.

"ಅಂಗೆಲ್ಲಾ ಒಡ್ದು ತೋರ್ಸಕಾಯ್ತದಾ ಮೇಡಂ? ಎಲ್ಲಾರೂ ಅಂಗೇ ತಗೊಂಡೋಯ್ತಾರೆ."

"ನಾನು ಹಾಗೆ ತಗೊಂಡು ಒಂದು ಸಲ ಕೆಟ್ಟಿದ್ದೀನಿ. ನೋಡದೆ ಹೋಗಲ್ಲ" ಎಂದು ಸ್ಟೂಲ್ ಎಳೆದುಕೊಂಡು ಕೂತೆ. ಕಾರಣ ಕೇಳಿದರು. ಅಪ್ಪನ ಕೈ ವಿಷಯ ಹೇಳಿದೆ. ಡಬ್ಬಿ ಒಡೆದು ಸಿಡಿ ಹಾಕಿದರು.

ನನ್ನ ಬಲಗೈ ಬೆರಳುಗಳನ್ನು ಅಪ್ಪನ ಹಾಗೆ ಮಡಿಚಿಕೊಂಡು, ತೋರುಬೆರಳಲ್ಲೇ ಕೀ ಒತ್ತಿದೆ. ಲಾರಿ ಹೊರಟಿತು, ತಿರುಗಿತು, ನಿಂತಿತು. ರಸ್ತೆ ಮುಂದೆ ಹಸಿರು ಗುಡ್ಡದೊಳಗೆ ಹೋಗುತ್ತಿತ್ತು. ಏನಿರಬಹುದು ಅಲ್ಲಿ? ಕೈ ತುರಿಸಿತು, ಸುಳ್ಳು ಯಾಕೆ ಹೇಳಲಿ. "ಸಾಕು, ಪ್ಯಾಕ್ ಮಾಡಿ" ಎಂದೆ.

ಇದಕ್ಕಿಂತ ಒಳ್ಳೆಯ ಆಟ ಇದೆ ಎಂದು ನಿಮ್ಮಲ್ಲಿ ಕೆಲವರು ಬರೆಯುತ್ತೀರಿ. ಇರಬಹುದು. ದಯವಿಟ್ಟು ಬರೆಯಬೇಡಿ.

ಈಗ ದಿನಾ ಸಂಜೆ ನಮ್ಮ ನಡುಮನೆಯಲ್ಲಿ ಲಾರಿ ಹಳ್ಳಕ್ಕೆ ಬೀಳುತ್ತದೆ. "ಲೇ, ಬ್ರೇಕ್ ಎಲ್ಲೈತ್ಲಾ!" ಎಂದು ಅಪ್ಪ ಆ ಡ್ರೈವರನ್ನು ಬೈಯುತ್ತಾರೆ, ಮತ್ತೆ ಶುರು ಮಾಡುತ್ತಾರೆ. ನಿನ್ನೆ ಹಿಂದೆ ನಿಂತಿದ್ದ ನಾನು ಬಾಯಿ ಹಾಕಿದೆ. "ಅಪ್ಪ, ಮುಂದೆ ತಿರುವು ಬಂದ್ರೆ..."

ಅಪ್ಪ ತಿರುಗಿ ನೋಡಲಿಲ್ಲ. ಸುಮ್ಮನಿರು ಎನ್ನುವಂತೆ ಬಲಗೈ ಎತ್ತಿದರು. ಬರೀ ತೋರುಬೆರಳಲ್ಲ, ಪಕ್ಕದ್ದೂ ಅರ್ಧ ಬಿಚ್ಚಿಕೊಂಡಿತ್ತು.

ಆ ತಿರುವಿನಾಚೆ ಏನಿದೆಯೋ ನನಗೆ ಗೊತ್ತಿಲ್ಲ, ನೋಡುವುದೂ ಇಲ್ಲ.