ಗುಮಾನಿ ಮೇಸ್ತ್ರಿ ನೋಡಿದ ಮನೆ

ಗುಮಾನಿ ಮೇಸ್ತ್ರಿ ಅಂದ್ರೆ ಹಾಲು ಕೊಟ್ಟರೂ ಸುಣ್ಣದ ನೀರೇನೋ ಅಂತ ಮೂಸಿ ನೋಡೋ ಆಸಾಮಿ. ಮಗಳ ಮದುವೆ ಮಾತಿಗೆ ಹೋದಾಗಲೂ ಹುಡುಗನ ಮುಖ ಬಿಟ್ಟು ಅವರ ಮನೆ ಗೋಡೆ ತಟ್ಟುತ್ತಾ ನಿಂತಿದ್ದನಂತೆ. ಸುಮ್ಮನೆ ಬಂದ ಬುದ್ಧಿಯಲ್ಲ ಬಿಡಿ ಅದು. ಮೂವತ್ತೈದು ವರ್ಷ ಗಾರೆ ಕೆಲಸ ಮಾಡಿದವನು. ಕಂಟ್ರಾಕ್ಟರು ಹೇಳಿದಾಗಲೆಲ್ಲ ಬಿರುಕು ಮುಚ್ಚಿ, ಬಣ್ಣ ಬಳಿದು, ಕೊಳ್ಳೋರ ಕಣ್ಣಿಗೆ ಮಣ್ಣೆರಚಿದ ಕೈ ಅವನದು. ತಾನು ಮಾಡಿದ್ದನ್ನ ಲೋಕವೆಲ್ಲ ಮಾಡ್ತಿರುತ್ತೆ ಅಂತ ಅವನಿಗೆ ಖಾತ್ರಿ.

ಇದರಿಂದ ಸೊರಗಿದವಳು ಮಗಳು. ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಗಂಡ, ಅತ್ತೆ, ಮೂರು ಮಕ್ಕಳ ಜೊತೆ ಒಬ್ಬರ ಕಾಲು ಒಬ್ಬರು ತುಳಿದುಕೊಂಡು ಬದುಕೋ ಹೆಣ್ಣು. ಕೊಳ್ಳೋಕೆ ಅಂತ ಅವಳು ಮೆಚ್ಚಿದ ಮೂರು ಮನೆಗಳನ್ನ ಅಪ್ಪ ಬೇಡ ಅಂದಿದ್ದ. ನಾಲ್ಕನೆಯದರ ಗೇಟಿನ ಹತ್ತಿರ ಕೈ ಹಿಡಿದು ನಿಲ್ಲಿಸಿದಳು.

"ಅಪ್ಪಾ, ನಿನ್ನ ದಮ್ಮಯ್ಯ, ಇದಕ್ಕಾದ್ರೂ ಕಲ್ಲು ಹಾಕಬೇಡ. ನಾಳೆ ಮುಂಗಡ ಕೊಡ್ಬೇಕು. ಇದೂ ತಪ್ಪಿದ್ರೆ ನಿನ್ನ ಬಾಗಿಲಿಗೂ ಬರಲ್ಲ ನಾನು."

"ಗೋಡೆ ಹೇಳಿದ್ದನ್ನ ಹೇಳ್ತೀನಿ ಕಣೇ," ಅಂದ ಮೇಸ್ತ್ರಿ.

ಹಳೇ ಬಡಾವಣೆ, ಬೀದಿಯ ಎರಡೂ ಕಡೆ ದೊಡ್ಡ ಮರಗಳು. ಮನೆಯೂ ಹಳೇದೇ, ಆದರೆ ಎಂಥಾ ಮನೆ! ಎತ್ತರದ ಸೂರು, ಮಕ್ಕಳು ಓಡಿ ಸುಸ್ತಾಗೋವಷ್ಟು ಉದ್ದದ ಹಜಾರ. ಮನೆ ಯಜಮಾನ ಬಾಗಿಲಲ್ಲೇ ಕೈಮುಗಿದು, "ಎರಡು ವರ್ಷದಿಂದ ಖಾಲಿ, ಮೇಸ್ತ್ರಿಗಳೇ. ನಿಮ್ಮದೇ ಅಂದ್ಕೊಳ್ಳಿ," ಅಂತ ಬೆಣ್ಣೆ ಸವರಿದ. ಅತಿ ವಿನಯ ಧೂರ್ತ ಲಕ್ಷಣ ಅಂದುಕೊಂಡ ನಮ್ಮ ಮೇಸ್ತ್ರಿ, ಗೋಡೆ ತಟ್ಟಿ ನೋಡೋಕೆ ಜೇಬಿಂದ ತನ್ನ ಮನೆ ಬೀಗದ ಕೈ ತೆಗೆದ.

ಗೋಡೆ ತಟ್ಟಿದ, ಗಟ್ಟಿ. ಬಚ್ಚಲಿಗೆ ಒಂದು ಬಕೆಟ್ ನೀರು ಸುರಿದ, ಸರಸರ ಹರಿದು ಹೋಯಿತು. ಕಪಾಟಿನೊಳಗೆ ತಲೆ ತೂರಿಸಿ ಮೂಸಿದ, ತೇವದ ವಾಸನೆ ಇಲ್ಲ. ಥತ್, ಒಂದೇ ಒಂದು ಕೊರತೆ ಸಿಗಬಾರದೇ! ಆದರೂ ಆ ಮುದಿ ಎದೆಯಲ್ಲಿ ಸಂತೋಷವಾಗುತ್ತಿತ್ತು. ಮಗಳು ಆಗಲೇ ಯಾವ ಕೋಣೆ ಅತ್ತೆಗೆ, ಯಾವುದು ಮಕ್ಕಳಿಗೆ ಅಂತ ಹಂಚುತ್ತಿದ್ದಳು.

ಕೊನೆಗೆ ಉಳಿದದ್ದು ಕರೆಂಟು. ಎಲ್ಲಾ ಸ್ವಿಚ್ ಆರಿಸಿ, ಮೆಟ್ಟಿಲ ಕೆಳಗಿದ್ದ ಮೀಟರಿನ ಮುಂದೆ ಕುಕ್ಕರಗಾಲಲ್ಲಿ ಕೂತ. ಕರೆಂಟು ಖರ್ಚಾದ್ರೆ ಮಾತ್ರ ತಿರುಗೋ ಒಳಗಿನ ಚಕ್ರ ನಿಧಾನಕ್ಕೆ ತಿರುಗುತ್ತಲೇ ಇತ್ತು.

"ಹಳೇ ಮೀಟರು, ಅದಕ್ಕೆ ಹುಚ್ಚು," ಅಂದ ಯಜಮಾನ.

ಯಾರೂ ಏನೂ ಕೇಳಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. "ಮೇಲಿನ ಕೋಣೆ?" ಅಂದ ಮೇಸ್ತ್ರಿ.

"ಅದರ ಬೀಗದ ಕೈ ಕಳೆದಿದೆ."

ಮೇಸ್ತ್ರಿ ಮೇನ್ ಸ್ವಿಚ್ ಕೆಳಗೆಳೆದ. ಚಕ್ರ ನಿಂತಿತು. ಮೇಲಿನಿಂದ ಹೆಂಗಸಿನ ದನಿ ಬಂತು: "ಯಾರಪ್ಪಾ ಅದು, ಫ್ಯಾನ್ ನಿಲ್ಲಿಸಿದ್ದು? ಸೆಕೆಗೆ ಸಾಯ್ಬೇಕಾ ನಾನು?"

ಯಜಮಾನನ ಮುಖ ಬಿಳಿಚಿಕೊಂಡಿತು. ಎಪ್ಪತ್ತರ ಹೆಂಗಸೊಬ್ಬರು ಗೋಡೆ ಹಿಡಿದುಕೊಂಡು ಇಳಿದು ಬಂದರು. "ಅಕ್ಕಾ, ಧೂಳು, ಮೇಲೇ ಇರು ಅಂದಿದ್ನಲ್ಲ," ಅಂತ ಅವನು ತಡವರಿಸಿದ.

ಅಕ್ಕ ಕೇಳಿಸಿಕೊಳ್ಳಲೇ ಇಲ್ಲ. "ರಿಪೇರಿ ಮೇಸ್ತ್ರಿ ನೀವೇನಾ? ಸದ್ಯ, ಬಂದ್ರಲ್ಲ! ಮೇಲಿನ ಕಿಟಕಿ ಮೊದಲು ನೋಡಿ. ಅಪ್ಪ ನಮ್ಮಿಬ್ಬರ ಹೆಸರಿಗೂ ಬರೆದಿಟ್ಟ ಮನೆ ಇದು, ಅದಕ್ಕೇ ರಿಪೇರಿಗೂ ನನ್ನ ಸಹಿ ಬೇಕಂತೆ. ಮೊನ್ನೆ ಇವನೇ ಆಟೋದಲ್ಲಿ ಯಾವುದೋ ಆಫೀಸಿಗೆ ಕರ್ಕೊಂಡು ಹೋಗಿ ಹಾಕಿಸಿದ, ಪಾಪ."

ಮೇಸ್ತ್ರಿಗೆ ಎಲ್ಲಾ ಹೊಳೆಯಿತು. ತಿರುಗಿ ಮಗಳನ್ನು ನೋಡಿದ. ಅವಳ ಕಣ್ಣು ತುಂಬಿತ್ತು. ಹೇಳಬೇಡ ಅಂತ ತಲೆಯಾಡಿಸುತ್ತಾಳೇನೋ ಅಂತ ಕಾದ, ಆಡಿಸಲಿಲ್ಲ.

"ಓದಿ ಹಾಕಿದ್ರಾ ಅಮ್ಮಾ, ಸಹಿ?"

"ಅಯ್ಯೋ, ಒಡಹುಟ್ಟಿದ ತಮ್ಮ ಕೊಟ್ಟಿದ್ದನ್ನ ಓದೋದಾ? ಅವನ ಮೇಲೆ ಅನುಮಾನ ಪಟ್ಟ ಹಾಗಾಗಲ್ವಾ?"

ಮೇಸ್ತ್ರಿ ಮೇನ್ ಸ್ವಿಚ್ ಮತ್ತೆ ಮೇಲಕ್ಕೆತ್ತಿದ. ಆಮೇಲೆ ಮೆಲ್ಲಗೆ ಅಂದ, "ಪಡಬೇಕಿತ್ತಮ್ಮಾ. ಇವರು ಮನೆ ಮಾರ್ತಿದಾರೆ. ಕೊಳ್ಳೋಕೆ ಬಂದವಳು ನನ್ನ ಮಗಳು."