ಟಪಾಲಣ್ಣ ಹುಡುಕಿದ ಹೊಸ್ತಿಲು

ಹೊಟ್ಟೆ ತೊಳಸುತ್ತೆ ಅಂತ ಜನ ಬಾಯಿಮಾತಿಗೆ ಅನ್ನುತ್ತಾರೆ. ಟಪಾಲಣ್ಣನಿಗೆ ನಿಜವಾಗಿಯೂ ತೊಳಸುತ್ತಿತ್ತು. ಅಂಚೆ ಹಂಚುತ್ತಿದ್ದ ಕಾಲದಲ್ಲಿ ಯಾರಾದರೂ ಎಂಜಲು ಹಚ್ಚಿ ಲಕೋಟೆ ಅಂಟಿಸಿದ್ದು ಗೊತ್ತಾದರೆ ಅದನ್ನು ಎರಡೇ ಬೆರಳಲ್ಲಿ ಹಿಡಿಯುತ್ತಿದ್ದ. "ಈ ಮನುಷ್ಯನಿಗೆ ಊರೆಲ್ಲ ಹೇಸಿಗೆ, ತನ್ನ ಚಪ್ಪಲಿ ಒಂದೇ ಚೊಕ್ಕ" ಅಂತ ಹೆಂಡತಿ ಇದ್ದಾಗ ಆಡಿಕೊಳ್ಳುತ್ತಿದ್ದಳು. ಅಂಥವನು ನಿವೃತ್ತಿಯಾದ ಮೇಲೆ ಗುಜರಿ ಅಂಗಡಿಯಿಂದ ಇಲಿ ಪಿಕ್ಕೆ ಮೆತ್ತಿದ ಹಳೇ ಸರ್ವೆ ನಕ್ಷೆಗಳ ಸುರುಳಿಯನ್ನು ಎದೆಗೆ ಅವಚಿಕೊಂಡು ತಂದ.

ಅಮ್ಮನ ತವರು ಹುಡುಕೋಕೆ ತಂದದ್ದು. ಬೆಟ್ಟದ ಮೇಲಿನ ಹಳ್ಳಿಗಳನ್ನೆಲ್ಲ ಸರ್ಕಾರದವರು ಒಂದು ಕಾಲಕ್ಕೆ ಬಿಡಿಸಿ ಜನರನ್ನು ಕೆಳಗಿಳಿಸಿದ್ದರು. ಅಮ್ಮ ಆಗ ಕೈಗೂಸು. "ಬಾವಿ ಪಕ್ಕದ ಮನೆ ನಮ್ಮದು" ಅನ್ನೋದೊಂದನ್ನು ತನ್ನಮ್ಮನ ಬಾಯಲ್ಲಿ ಕೇಳಿ, ಸಾಯೋವರೆಗೂ ಹೇಳಿಕೊಂಡೇ ಇದ್ದಳು. ಹೊಸ ನಕ್ಷೆಯಲ್ಲಿ ಅಲ್ಲೆಲ್ಲ ಬರೀ ಹಸಿರು. ಹಳೇದರಲ್ಲಿ ಮನೆಗೊಂದು ಕಪ್ಪು ಚೌಕ, ಬಾವಿಗೊಂದು ನೀಲಿ ಸೊನ್ನೆ, ಕಾಲುದಾರಿಗೆ ಚುಕ್ಕಿಗಳ ಸಾಲು.

ಟಪಾಲಣ್ಣ ನಕ್ಷೆಯನ್ನು ನೆಲಕ್ಕೆ ಹಾಸಿ, ಮುದುರದ ಹಾಗೆ ನಾಲ್ಕು ಮೂಲೆಗೂ ಒಂದೊಂದು ಚೊಂಬು ಇಟ್ಟು, ಬೋರಲು ಮಲಗಿಬಿಡುತ್ತಿದ್ದ. ಎತ್ತರ ತೋರಿಸೋ ಗೆರೆಗಳು ಒತ್ತಾಗಿದ್ದರೆ ಕಡಿದಾದ ಇಳಿಜಾರು, ದೂರ ದೂರ ಇದ್ದರೆ ಮಟ್ಟ. ಮನೆ ಕಟ್ಟುವವರು ಮಟ್ಟ ಬಿಟ್ಟು ಇಳಿಜಾರಿನಲ್ಲಿ ಕಟ್ಟುತ್ತಾರಾ? ಹಾಗೆ ಗುರುತು ಹಿಡಿದು ಹತ್ತಿ ಹೋದರೆ ಪೊದೆಯೊಳಗೆ ಒಲೆಯ ಕಲ್ಲೋ, ಗೋಡೆಯ ತಳವೋ ಸಿಕ್ಕೇ ಸಿಗುತ್ತಿತ್ತು. ಕೆಳಗೆ ಬಂದು, "ನಿಮ್ಮಜ್ಜನ ಒಲೆ ಇನ್ನೂ ಇದೆ ಕಣ್ರೀ" ಅಂತ ಆ ಮನೆತನದವರಿಗೆ ಸುದ್ದಿ ಮುಟ್ಟಿಸುತ್ತಿದ್ದ. ಟಪಾಲಿನವನ ಚಟ, ಸುದ್ದಿ ಇಟ್ಟುಕೊಳ್ಳೋಕೆ ಆಗುತ್ತಿರಲಿಲ್ಲ.

ಬೆಟ್ಟದ ಬುಡದಲ್ಲಿ ಅವನ ತಂಗಿಯ ಗಂಡ ಲಾಡ್ಜು ಇಟ್ಟಿದ್ದ. "ಭಾವ, ನಾನೂ ಬರ್ತೀನಿ, ಹೊಟ್ಟೆನಾದರೂ ಕರಗಲಿ" ಅಂತ ಬೆನ್ನು ಹತ್ತಿದ. ಟಪಾಲಣ್ಣನಿಗೂ ಮಾತಿಗೆ ಒಂದು ಜನ ಆಯಿತು ಅಂತ ಖುಷಿಯೇ.

ಒಂದು ದಿನ ತಂಗಿಯನ್ನು ನೋಡೋಕೆ ಲಾಡ್ಜಿಗೆ ಹೋದಾಗ ಕಣ್ಣಿಗೆ ಬಿತ್ತು. ತಾನು ತೋರಿಸಿದ್ದ ಬೀಸುಕಲ್ಲಿನ ಮೇಲೆ ಹೂಕುಂಡ. ತಾನು ತೋರಿಸಿದ್ದ ಬಾಗಿಲ ಚೌಕಟ್ಟಿಗೆ ಕನ್ನಡಿ. ಕೈ ತೊಳೆಯೋಕೆ ಹೋದರೆ ನಲ್ಲಿಯ ಕೆಳಗೆ ಹಾಸಿದ್ದು ಸಮಾಧಿಯ ಕಲ್ಲು! ಪಕ್ಕದಲ್ಲಿ ನಿಂತಿದ್ದ ಗಿರಾಕಿಯೊಬ್ಬ ಹಲ್ಲುಜ್ಜಿ, ಕ್ಯಾಕರಿಸಿ, ಅದರ ಮೇಲೇ ಉಗಿದ. ಕೆತ್ತಿದ ಹೆಸರಿನ ಅಕ್ಷರದೊಳಗೆ ಆ ನೊರೆ ಬಿಳಿಬಿಳಿಯಾಗಿ ತುಂಬಿಕೊಂಡು ನಿಧಾನಕ್ಕೆ ಇಳಿಯಿತು. ಟಪಾಲಣ್ಣ ಹೊರಗೆ ಓಡಿ ಜೀಪಿನ ಚಕ್ರದ ಹತ್ತಿರ ಕಾರಿಕೊಂಡ.

"ಯಾರದೋ ತಲೆದೆಸೆಯ ಕಲ್ಲು ಅದು! ಮನುಷ್ಯರಾ ನೀವು?"

"ಅಲ್ಲಿ ಬಿದ್ದು ಪಾಚಿ ಕಟ್ತಿತ್ತು ಭಾವ. ಇಲ್ಲಾದರೆ ದಿನಾ ತೊಳೀತಾರಲ್ಲ" ಅಂದ ಲಾಡ್ಜಿನವನು, ನಗುತ್ತ.

ತಂಗಿ ಬಾಯಿಗೆ ಬಟ್ಟೆ ಅಡ್ಡ ಇಟ್ಟುಕೊಂಡು ನಿಂತಿದ್ದಳು. "ನಾನು ಹೇಳಿದರೆ ಕೇಳ್ತಾರಾ ಅಣ್ಣ?"

ಅಲ್ಲಿಂದ ಟಪಾಲಣ್ಣ ಬಾಯಿಗೆ ಬೀಗ ಹಾಕಿಕೊಂಡ. ಅಷ್ಟರಲ್ಲೇ ನಕ್ಷೆಯಲ್ಲಿ ಅಮ್ಮನ ತವರು ಸಿಕ್ಕಿತ್ತು. ಕಣಿವೆಯ ಆಚೆ, ಬಾವಿಯ ಸೊನ್ನೆಗೆ ಒತ್ತಿಕೊಂಡು ಒಂದೇ ಕಪ್ಪು ಚೌಕ. ಹೋಗೋದೊಂದು ಬಾಕಿ.

ವಾಸನೆ ಹತ್ತಿತೋ ಏನೋ, ಲಾಡ್ಜಿನವನು ಮನೆಗೇ ಬಂದ. "ಭಾವ, ಊಟದ ಹಾಲಿಗೆ ಒಂದು ಹಳೇ ಹೊಸ್ತಿಲು ಬೇಕಿತ್ತು. ಅತ್ತೆಯ ತವರು ಮನೇದೇ ಆದರೆ ನಮ್ಮದು ನಮ್ಮಲ್ಲೇ ಉಳಿದ ಹಾಗೆ."

"ಆ ಮಾತು ಬಿಟ್ಟು ಬೇರೆ ಆಡಿ" ಅಂತ ಟಪಾಲಣ್ಣ ಟೀ ಕಾಯಿಸೋಕೆ ಒಳಗೆ ಹೋದ. ಬರೋ ಹೊತ್ತಿಗೆ ಆಸಾಮಿ ಮೆಟ್ಟಿಲಿಳಿಯುತ್ತಿದ್ದ. ನೆಲದ ಮೇಲೆ ನಕ್ಷೆ ಹಾಗೇ ಇತ್ತು, ಒಂದು ಚೊಂಬು ಮಾತ್ರ ಕಾಲು ತಗುಲಿದ ಹಾಗೆ ಮೂಲೆ ಬಿಟ್ಟು ಪಕ್ಕಕ್ಕೆ ಸರಿದಿತ್ತು. ಫೋಟೋ ಹೊಡೆದುಕೊಂಡಿದ್ದಾನೆ! ಟಪಾಲಣ್ಣ ಆ ಚೊಂಬನ್ನೂ ಬಿಡದೆ ತಿಕ್ಕಿ ತಿಕ್ಕಿ ತೊಳೆದ.

ತಂಗಿಗೆ ಫೋನು ಮಾಡಿದ. "ನಾಳೆ ನಿನ್ನ ಗಂಡ ಎಲ್ಲಿಗೆ ಹೊರಟಿದ್ದಾರೆ?"

"ಇಬ್ಬರು ಆಳಿಗೆ ಹೇಳಿದ್ದಾರೆ. ಹಾರೆ ತೆಗೆದಿಟ್ಟಿದ್ದಾರೆ. ಅಣ್ಣ, ನಾನೂ ಬರ್ತೀನಿ. ಅಮ್ಮನ ಮನೆ ಒಂದು ಸಲ ನೋಡಬೇಕು" ಅಂದಳು.

ಬೆಳಗಾಗುತ್ತಲೇ ಇಬ್ಬರೂ ಚುಕ್ಕಿ ಸಾಲಿನ ದಾರಿ ಹಿಡಿದರು. ಮಂಡಿ ಹಿಡಿದುಕೊಂಡು, ಕೂತು, ಎದ್ದು, ಅಂತೂ ಕಣಿವೆ ದಾಟಿದರು. ಮಟ್ಟದ ಜಾಗ ಬಂತು. ಹೂತುಹೋದ ಬಾವಿ ಕಂಡಿತು. ಅದರ ಪಕ್ಕದಲ್ಲಿ ಮೊಳಕಾಲೆತ್ತರದ ಗೋಡೆ, ಗೋಡೆಯ ಬಾಯಲ್ಲಿ ಕಲ್ಲಿನ ಹೊಸ್ತಿಲು. ಎಷ್ಟೋ ಪಾದ ತುಳಿದು ನಡುವೆ ಬಟ್ಟಲಿನ ಹಾಗೆ ಸವೆದಿತ್ತು.

ಬೇರೆ ಯಾರೂ ಇರಲಿಲ್ಲ. ಯಾಕೆ ಅಂದರೆ ಲಾಡ್ಜಿನವನು ಫೋಟೋ ಹೊಡೆಯುವಾಗ ನಕ್ಷೆಯ ನಡುಭಾಗ ಹಿಡಿದಿದ್ದ, ಅಂಚು ಬಿಟ್ಟಿದ್ದ. ಯಾವ ಗುರುತಿಗೆ ಏನರ್ಥ ಅಂತ ಬರೆದಿರೋದು ಅಂಚಿನಲ್ಲಿ. ತುಂಬಿದ ಚೌಕ ಮನೆ, ಟೊಳ್ಳು ಚೌಕ ಕುರಿದೊಡ್ಡಿ. ದೊಡ್ಡದು ಕಂಡಿತು ಅಂತ ಅವನು ದೊಡ್ಡಿಯನ್ನೇ ಸಾಹುಕಾರರ ಮನೆ ಅಂದುಕೊಂಡು ಅಲ್ಲಿಗೆ ನುಗ್ಗಿದ್ದ. ಅದೀಗ ಕಾಡುಹಂದಿ ಹೊರಳಾಡೋ ಕೆಸರು.

ಮಾತು ಕೇಳಿಸಿತೇನೋ, ಮೂವರೂ ಇತ್ತಲೇ ಹತ್ತಿ ಬಂದರು. ಅವರಿಗಿಂತ ಮೊದಲು ನಾತ ಬಂತು. ಲಾಡ್ಜಿನವನು ತೊಡೆಯವರೆಗೆ ಕಪ್ಪು ರೊಚ್ಚೆ ಮೆತ್ತಿಕೊಂಡಿದ್ದ, ಮೀಸೆಯ ತುದಿಗೂ ಹತ್ತಿತ್ತು. ಅದನ್ನು ಒರೆಸಿಕೊಳ್ಳುವ ಗೋಜಿಗೂ ಹೋಗದೆ ನೇರ ಹೊಸ್ತಿಲ ಕಡೆ ಕೈ ತೋರಿಸಿದ. "ಅಬ್ಬಾ! ಇದೇ ಬೇಕಾಗಿದ್ದು. ಎಬ್ಬಿಸ್ರೋ!"

ಒಬ್ಬ ಆಳು ಹಾರೆ ಊರೋಕೆ ಮುಂಚೆ ಬಾಯಲ್ಲಿದ್ದ ಎಲೆಯಡಿಕೆ ಹೊಗೆಸೊಪ್ಪನ್ನು ಪಿಚಕ್ಕನೆ ಗೋಡೆಗೆ ಉಗಿದ.

ಟಪಾಲಣ್ಣ ಬಾಯಿ ತೆರೆದರೆ ಮಾತಿನ ಬದಲು ಬೇರೆಯೇ ಬರುವ ಹಾಗಿತ್ತು. ಈ ಹೊಲಸಿಗೆಲ್ಲ ದಾರಿ ತೋರಿಸಿದ್ದು ತನ್ನದೇ ಬೆರಳು.

ತಂಗಿ ಹೋಗಿ ಹೊಸ್ತಿಲಿನ ಸವೆದ ಜಾಗದಲ್ಲಿ ಕಾಲು ಚಾಚಿ ಕೂತುಬಿಟ್ಟಳು.

"ಏಳೇ, ಹೊತ್ತಾಗುತ್ತೆ."

"ನನ್ನನ್ನೂ ಸೇರಿಸಿ ಎತ್ತಿಸಿ ರೀ."

"ಹುಡುಗಾಟ ಆಡಬೇಡ."

"ಹುಡುಗಾಟ ಅಲ್ಲ. ಊಟದ ಹಾಲಲ್ಲಿ ಕೂರಿಸಿ. ಬಂದ ಗಿರಾಕಿ ಎಲ್ಲ ದಾಟಿಕೊಂಡು ಹೋಗಲಿ. ಕೈ ತೊಳೆಯೋ ಕಡೆ ಇನ್ನೊಂದು ನಲ್ಲಿ ಇದ್ದರೆ ಅಲ್ಲಿಗಾದರೂ ಸರಿ, ಉಗೀಲಿ."

ಆಳುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಅಮ್ಮಾವ್ರು ಕೂತಿರೋವಾಗ ಹಾರೆ ಹಾಕೋಕಾಗಲ್ಲ ಸಾಹೇಬ್ರೇ" ಅಂತ ಒಬ್ಬ ಹಾರೆಯನ್ನು ಹೆಗಲಿಗೇರಿಸಿದ. ಲಾಡ್ಜಿನವನು ಹೆಂಡತಿಯನ್ನು ಎಬ್ಬಿಸೋಕೆ ಕೈ ಚಾಚಿದ. ಉಗುರಿನ ಸಂದಿಯಿಂದ ರೊಚ್ಚೆ ತೊಟ್ಟಿಕ್ಕುತ್ತಿತ್ತು. ಅವಳು ಆ ಕೈಯನ್ನು ನೋಡಿ ಮುಖ ತಿರುಗಿಸಿದಳು. "ಮೊದಲು ಸಮಾಧಿ ಕಲ್ಲು ವಾಪಸ್ ಇಟ್ಟು ಬನ್ನಿ. ಆಮೇಲೆ ಮನೆಗೆ ಬರೋ ಮಾತು. ಅಲ್ಲಿವರೆಗೆ ಅಣ್ಣನ ಮನೇಲಿರ್ತೀನಿ."

ಅವನು ಬೈಯುತ್ತ ಇಳಿದುಹೋದ. ಆಳುಗಳು ಅವನಿಂದ ದೂರ, ಗಾಳಿ ಬರುವ ಕಡೆಗೆ ಸರಿದುಕೊಂಡು ನಡೆದರು.

ಗೋಡೆಯ ಮೇಲಿನ ಉಗುಳು ಕೆಂಪಗೆ ಹೊಸ್ತಿಲ ಕಡೆ ಇಳಿಯುತ್ತಿತ್ತು. ತಂಗಿ ಎದ್ದು, ಕುಡಿಯೋಕೆ ತಂದಿದ್ದ ನೀರಿನ ಬಾಟಲಿ ತೆರೆದಳು. ಟಪಾಲಣ್ಣ ಒಂದು ಹಿಡಿ ಎಲೆ ಕಿತ್ತು, ಉಸಿರು ಬಿಗಿಹಿಡಿದು, ಬರಿಗೈಯಲ್ಲೇ ತಿಕ್ಕೋಕೆ ಶುರುಮಾಡಿದ.

"ಹೋಯ್ತಾ ಅಣ್ಣ?"

"ಇನ್ನೂ ಇದೆ. ಸುರಿ."