ರಸಾಯನಶಾಸ್ತ್ರ ನನ್ನ ಕೈಬಿಟ್ಟಿದ್ದು

ನೀಲಿ ಬಣ್ಣ ಕಂಡರೆ ನನಗೆ ಈಗಲೂ ಮಂಪರು ಬಂದಂತಾಗುತ್ತದೆ. ಮೈಸೂರಿನಲ್ಲಿ ಇಂಟರ್‌ಮೀಡಿಯೆಟ್ ಓದುವಾಗ, ಪ್ರಯೋಗಶಾಲೆಯಲ್ಲಿ ಮೈಲುತುತ್ತದ ನೀರಿನ ನಳಿಕೆಯನ್ನು ಬೆಳಕಿಗೆ ಎತ್ತಿ ಹಿಡಿದರೆ ಸಾಕು, ನಾನು ಅದರೊಳಗೇ ಇಳಿದುಬಿಡುತ್ತಿದ್ದೆ. ನಮ್ಮ ಸಾಲಿಗ್ರಾಮದ ಹೊಳೆ, ಮುಸ್ಸಂಜೆ, ಗೂಡಿಗೆ ಮರಳುವ ಹಕ್ಕಿಗಳು, ಎಲ್ಲವೂ ಕಾಣಿಸುತ್ತಿದ್ದವು. ಗುರುತಿಸಬೇಕಾದ ಲವಣ ಯಾವುದೆಂಬುದೊಂದು ಮಾತ್ರ ಹೊಳೆಯುತ್ತಿರಲಿಲ್ಲ.

"ಬಣ್ಣ ನೋಡೋದಕ್ಕೆ ಬೇರೆ ಶಾಲೆ ಇದೆಯಮ್ಮ" ಎನ್ನುತ್ತಿದ್ದರು ಮೇಷ್ಟರು. ಹುಡುಗರು ನಗುತ್ತಿದ್ದರು. ನಾನೂ ನಗುತ್ತಿದ್ದೆ, ಬೇರೇನು ಮಾಡಲಿ?

ಊರಿನಲ್ಲಿ ಮಾತ್ರ ನಗುವಂತಿರಲಿಲ್ಲ. ಮಗಳು ಡಾಕ್ಟರಾಗುತ್ತಾಳೆಂದು ಅಪ್ಪ ಕಂಡಕಂಡವರಿಗೆಲ್ಲ ಹೇಳಿಯಾಗಿತ್ತು. ಪರೀಕ್ಷೆಯಲ್ಲಿ ರಸಾಯನಶಾಸ್ತ್ರ ಹೋಯಿತು. ಎರಡನೆಯ ಸಲ ಕಟ್ಟಲು ಓದುತ್ತಿದ್ದಾಗ, ಪ್ರಯೋಗಶಾಲೆಯಲ್ಲಿ ಮೈಮರೆತು ಆಮ್ಲ ಚೆಲ್ಲಿಕೊಂಡು ಎಡಗೈ ಸುಟ್ಟುಕೊಂಡೆ. ಆಸ್ಪತ್ರೆ ಸೇರಿದೆ.

ಪಕ್ಕದ ಮಂಚದಲ್ಲಿ ಹೆಗ್ಗಡದೇವನಕೋಟೆ ಕಡೆಯ ಅಜ್ಜಿಯೊಬ್ಬಳಿದ್ದಳು. ಚಳಿಜ್ವರ. ಯಾರು ಕ್ವಿನೈನ್ ಕುಡಿಸಿದರೂ ಕಹಿಯೆಂದು ಉಗುಳುತ್ತಿದ್ದಳು. ನನಗೂ ಹೊತ್ತು ಹೋಗಬೇಕಲ್ಲ, ಹತ್ತಿರ ಕೂತು ಅವಳ ಎಮ್ಮೆಯ ಯೋಗಕ್ಷೇಮ ವಿಚಾರಿಸಿದೆ. ಎಮ್ಮೆಯ ಕಥೆ ಕಾಡು ಹೊಕ್ಕು, ಹೊಳೆ ದಾಟಿ, ಕೊಟ್ಟಿಗೆಗೆ ಬರುವಷ್ಟರಲ್ಲಿ ಔಷಧಿಯ ಬಟ್ಟಲು ಚಾಚಿದೆ.

"ನೀನ್ ಕೊಟ್ರೆ ಕುಡೀತೀನಿ ಕಣವ್ವ" ಎಂದು ಕಣ್ಣು ಮುಚ್ಚಿ ಕುಡಿದಳು. ನನ್ನ ಕೈ ಹಿಡಿದುಕೊಂಡೇ ನಿದ್ದೆಹೋದಳು. ಕಿಟಕಿಯ ಬಿಸಿಲು ಅವಳ ಕಂಬಳಿಯ ಮೇಲೆ ಮೆಲ್ಲಗೆ ಸರಿಯುತ್ತಿತ್ತು. ಕನಸು ಕಾಣುವವರೂ ಮಾಡಬಹುದಾದ ಕೆಲಸವೊಂದು ಲೋಕದಲ್ಲಿದೆ ಎಂದು ನನಗೆ ತಿಳಿದದ್ದು ಆ ಮಧ್ಯಾಹ್ನ.

ಗಾಯ ಮಾಗಿದ ಮೇಲೆ ಊರಿಗೆ ಹೋಗಿ, ನರ್ಸ್ ತರಬೇತಿಗೆ ಸೇರುತ್ತೇನೆಂದೆ. ಅಪ್ಪ ಎಲೆಯಡಿಕೆ ತಟ್ಟೆ ಅತ್ತ ತಳ್ಳಿದ.

"ಕಂಡೋರ್ ಮೈ ತೊಳ್ಯಕ್ಕಾ ನಿನ್ನ ಓದ್ಸಿದ್ದು?"

ಅವ್ವ ಒಲೆಯ ಮುಂದಿನಿಂದಲೇ ಅಪ್ಪನನ್ನು ಕೇಳಿದಳು: "ನಿಮ್ಮವ್ವ ಆಸ್ಗೆ ಇಡ್ದಾಗ ಮೈ ತೊಳ್ದೋಳು ನಾನು. ಅದ್ರಲ್ಲಿ ನಂದೇನ್ ಮರ್ವಾದೆ ಓಯ್ತು?"

ಮಾರನೆಯ ಬೆಳಿಗ್ಗೆ ಅಪ್ಪ ನನ್ನ ಟ್ರಂಕು ಹೊತ್ತು ಬಸ್ಸಿನವರೆಗೂ ಬಂದ. ಮಾತು ಮಾತ್ರ ಆಡಲಿಲ್ಲ.

ಆ ಮುನಿಸು ವರ್ಷಗಟ್ಟಲೆ ಉಳಿಯಿತು. ನಾನು ಹುಣಸೂರಿನ ಆಸ್ಪತ್ರೆಯಲ್ಲಿ ನರ್ಸಾಗಿದ್ದಾಗ ಅಪ್ಪನಿಗೆ ನ್ಯುಮೋನಿಯಾ ಆಗಿ ನಮ್ಮಲ್ಲಿಗೇ ತಂದರು. ಅವನ ಮೈ ಒರೆಸಿದವಳೂ ನಾನೇ, ಗಂಜಿ ಕುಡಿಸಿದವಳೂ ನಾನೇ. ಜ್ವರ ಇಳಿದ ದಿನ, ವಾರ್ಡಿನ ಪರದೆಯ ಆಚೆ ಅವನ ದನಿ ಕೇಳಿಸಿತು. ಪಕ್ಕದ ಮಂಚದಲ್ಲಿದ್ದ ಮರದ ವ್ಯಾಪಾರದ ಸಾಬರಿಗೆ ಹೇಳುತ್ತಿದ್ದ:

"ನನ್ ಮಗ್ಳು ನರ್ಸು ಕಣ್ರೀ ಸಾಬ್ರೇ. ಡಾಕ್ಟ್ರು ಬತ್ತಾರೆ, ಓಯ್ತಾರೆ. ಇವ್ಳು ಇರ್ತಾಳೆ."

ನಾನು ಒಳಗೆ ಹೋಗಲಿಲ್ಲ. ಇನ್ನೊಮ್ಮೆ ಹೇಳುತ್ತಾನೇನೋ ಎಂದು ಪರದೆಯ ಈಚೆ ಸ್ವಲ್ಪ ಹೊತ್ತು ಹಾಗೆಯೇ ನಿಂತಿದ್ದೆ.